ಟೈರಿನ ಹಿಂದಿನ ಕಲ್ಲು

ನನಗೆ ಕಲ್ಲು ಆರಿಸುವ ಚಟವಿದೆ. ರಸ್ತೆಬದಿಯಲ್ಲಿ ಒಳ್ಳೆಯ ಕಲ್ಲು ಕಂಡರೆ ಕಾಲು ತಾನಾಗಿಯೇ ನಿಲ್ಲುತ್ತದೆ. ಒಳ್ಳೆಯ ಕಲ್ಲು ಎಂದರೆ ರತ್ನವಲ್ಲ, ಶಿಲ್ಪಕ್ಕೆ ಒದಗುವಂಥದ್ದೂ ಅಲ್ಲ. ಒಂದು ಪಕ್ಕ ಚಪ್ಪಟೆಯಾಗಿ ನೆಲ ಹಿಡಿಯಬೇಕು, ಇನ್ನೊಂದು ಪಕ್ಕ ಓರೆಯಾಗಿ ಜೀಪಿನ ಟೈರಿಗೆ ಆತುಕೊಳ್ಳಬೇಕು, ಒಂದೇ ಕೈಯಲ್ಲಿ ಎತ್ತುವಂತಿರಬೇಕು. ಸಕಲೇಶಪುರದಿಂದ ಆಲೂರಿನವರೆಗೆ ಯಾವ ಎಸ್ಟೇಟ್ ಜೀಪಿನೊಳಗೆ ಇಣುಕಿದರೂ ಸೀಟಿನ ಕೆಳಗೆ ಇಂಥದ್ದೊಂದು ಕೂತಿರುತ್ತದೆ. ಸ್ಟೆಪ್ನಿ ಇಲ್ಲದ ಜೀಪು ನೋಡಿದ್ದೇನೆ, ಬಾಗಿಲಿಲ್ಲದ ಜೀಪಂತೂ ದಿನಾ ನೋಡುತ್ತೇನೆ, ಕಲ್ಲಿಲ್ಲದ ಜೀಪು ನೋಡಿದ ನೆನಪಿಲ್ಲ. ನಮ್ಮಲ್ಲಿ ಸಮತಟ್ಟಾದ ಜಾಗ ಎಂದರೆ ಕಾಫಿ ಒಣಗಿಸುವ ಕಣ ಒಂದೇ. ಉಳಿದಲ್ಲೆಲ್ಲ ಗಾಡಿ ನಿಂತ ಕೂಡಲೇ ಒಬ್ಬರು ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು.

ನಾನು ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು. ಚಕ್ರ ಕಂಡುಹಿಡಿದದ್ದು ಮನುಷ್ಯನ ದೊಡ್ಡ ಸಾಧನೆ ಎಂದು ಪ್ರತಿವರ್ಷದ ಮೊದಲ ಪಾಠದಲ್ಲಿ ತಪ್ಪದೆ ಸಾರಿದ್ದೇನೆ. ಅದರ ಹಿಂದೆ ಮೊದಲು ಕಲ್ಲಿಟ್ಟವರು ಯಾರು ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಈಗ ಅನ್ನಿಸುತ್ತದೆ, ಚಕ್ರ ಮಾಡಿದವನು ಅದನ್ನು ಉರುಳಿಸಿ ಕುಣಿಯುತ್ತಿದ್ದಾಗ ಅವನ ಹೆಂಡತಿ ಸದ್ದಿಲ್ಲದೆ ಹೋಗಿ ಕಲ್ಲು ತಂದಿರಬೇಕು. ನಮ್ಮ ಜಿಲ್ಲೆಯವರಿಗಂತೂ ಕಲ್ಲಿನ ಮೇಲೆ ಮೊದಲಿನಿಂದಲೂ ನಂಬಿಕೆ ಜಾಸ್ತಿ. ಹೊಯ್ಸಳರು ಅದರಲ್ಲಿ ಮದನಿಕೆಯರನ್ನು ಕಂಡರು, ನಾವು ಬ್ರೇಕು ಕಂಡೆವು.

ಹೆಂಡತಿ ಎಂದೆನಲ್ಲ, ವಿಷಯಕ್ಕೆ ಬರುತ್ತೇನೆ. ಮದುವೆಯಾದ ಹೊಸತರಲ್ಲಿ ಲಿಲ್ಲಿಯನ್ನು ಮನೆಯ ಜೀಪಿನಲ್ಲಿ ಬಿಸಿಲೆ ಘಾಟಿಗೆ ಕರೆದುಕೊಂಡು ಹೋಗಿದ್ದೆ. ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಣಿವೆ ಎಲ್ಲಿಂದ ಚೆನ್ನಾಗಿ ಕಾಣುತ್ತದೆ ಎಂದು ಹುಡುಕಲು ನಾನೊಬ್ಬನೇ ಇಳಿದೆ. ಗೇರಿನಲ್ಲಿ ಬಿಡುವುದನ್ನೂ ಕಲ್ಲು ಇಡುವುದನ್ನೂ ಹೊಸ ಮದುಮಗನ ಉತ್ಸಾಹದಲ್ಲಿ ಮರೆತಿದ್ದೆ. ತಿರುಗಿ ನೋಡಿದರೆ ಜೀಪು ಲಿಲ್ಲಿಯನ್ನು ಕೂರಿಸಿಕೊಂಡು ನಿಧಾನವಾಗಿ ಹಿಂದಕ್ಕೆ ಹೋಗುತ್ತಿದೆ! ಒಂದು ಮರ ಅಡ್ಡ ಬಂದು ತಡೆಯಿತು. ಅವಳಿಗೆ ಗಾಯವಾಗಲಿಲ್ಲ, ಅವಳು ಕಿರುಚಲೂ ಇಲ್ಲ. ಇಳಿದು ಬಂದು, ‘ಇಲ್ಲಿಂದ ಬಸ್ಸು ಎಷ್ಟು ಹೊತ್ತಿಗೆ?’ ಎಂದು ಕೇಳಿದಳು.

ಅವತ್ತಿನಿಂದ ಅವಳು ಜೀಪು ಹತ್ತಲಿಲ್ಲ. ಭಾನುವಾರ ಚರ್ಚಿಗೆ ನಾನು ಜೀಪಿನಲ್ಲಿ, ಅವಳು ಆಟೋದಲ್ಲಿ. ಒಂದೇ ಮನೆಯವರು ಒಂದೇ ಪೂಜೆಗೆ ಬೇರೆಬೇರೆಯಾಗಿ ಬರುವುದನ್ನು ಕಂಡು, ಹೊಸದಾಗಿ ಬಂದ ಫಾದರ್ ಒಬ್ಬರು ನಮ್ಮನ್ನು ಎದುರಿಗೆ ಕೂರಿಸಿಕೊಂಡು ದಾಂಪತ್ಯದಲ್ಲಿ ಹೊಂದಾಣಿಕೆಯ ಬಗ್ಗೆ ಮುಕ್ಕಾಲು ಗಂಟೆ ಬುದ್ಧಿ ಹೇಳಿದ್ದೂ ಉಂಟು. ಇಬ್ಬರೂ ತಲೆಯಾಡಿಸಿದೆವು. ವಾಪಸು ಬರುವಾಗ ಅವಳು ಆಟೋ ಹತ್ತಿದಳು.

ನಾನು ನಿವೃತ್ತನಾಗುವ ಹೊತ್ತಿಗೆ ಜೀಪು ತುಕ್ಕು ಹಿಡಿದು ಚಾಸಿ ಮತ್ತು ಎಂಜಿನ್ ಮಾತ್ರ ಉಳಿದಿದ್ದವು. ಅದನ್ನು ಮನೆಯಲ್ಲೇ ಹೊಸದಾಗಿ ಕಟ್ಟುತ್ತೇನೆಂದು ಹೊರಟೆ. ಉತ್ತರ ಭಾರತದ ಕಡೆಯಿಂದ ಲಾರಿಯಲ್ಲಿ ಬಾಡಿ ಬಂತು, ಬಿಡಿಬಿಡಿಯಾಗಿ. ನಟ್ಟು ಬೋಲ್ಟುಗಳೆಲ್ಲ ಒಂದೇ ಅಕ್ಕಿಚೀಲದಲ್ಲಿ. ಯಾವುದನ್ನು ಎಲ್ಲಿಗೆ ಜೋಡಿಸಬೇಕು ಎಂದು ಹೇಳುವ ಚೀಟಿ ಮಾತ್ರ ಇರಲಿಲ್ಲ. ಪಾಳ್ಯದಲ್ಲಿ ಗ್ಯಾರೇಜ್ ಇಟ್ಟಿರುವ ಪುಟ್ಟಸ್ವಾಮಿ ಬಂದು ನಮ್ಮ ತೋಟದ ಕಾಫಿ ಮೂಟೆ ಇಡುವ ಸ್ಟೋರಿನಲ್ಲಿ ಕೆಲಸ ಹೂಡಿದ. ಅವನು ಕೇಳಿದ ಸ್ಪ್ಯಾನರ್ ಬಿಟ್ಟು ಬೇರೆಲ್ಲ ಸ್ಪ್ಯಾನರನ್ನೂ ನಾನು ತಪ್ಪದೆ ಕೊಡುತ್ತಿದ್ದೆ. ಹೀಗೆ ಎರಡು ವರ್ಷ ಕಳೆಯಿತು. ಕೇಳಿದವರಿಗೆಲ್ಲ ಕಾಲ ಕಳೆಯಲು ಒಂದು ಹವ್ಯಾಸ ಎನ್ನುತ್ತಿದ್ದೆ. ನಿಮ್ಮ ಹತ್ತಿರ ಮುಚ್ಚಿಡುವುದೇಕೆ? ಲಿಲ್ಲಿ ಪಕ್ಕದಲ್ಲಿ ಕೂತು ಬರಬೇಕು ಎನ್ನುವುದೊಂದೇ ನನ್ನ ಆಸೆಯಾಗಿತ್ತು.

ಮನೆಯಲ್ಲಿ ನಾವು ಆಡುವುದು ಕೊಂಕಣಿ. ತೀರ್ಪು ಕೊಡುವಾಗ ಮಾತ್ರ ಲಿಲ್ಲಿ ಕನ್ನಡಕ್ಕೆ ಬರುತ್ತಾಳೆ. ‘ಇದು ರಸ್ತೆಗೆ ಯೋಗ್ಯ ಅಂತ ಸರ್ಕಾರ ಬರೆದುಕೊಡಲಿ, ಆಮೇಲೆ ನೋಡೋಣ’ ಎಂದಳು.

ಸರ್ಕಾರವೆಂದರೆ ಆರ್‌ಟಿಒ ಆಫೀಸಿನ ಬ್ರೇಕ್ ಇನ್ಸ್‌ಪೆಕ್ಟರು. ಅವರು ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು, ದೀಪ ನೋಡಿದರು, ಹಾರ್ನ್ ಹೊಡೆಸಿದರು. ಆಮೇಲೆ ನನ್ನ ಪಕ್ಕ ಕೂತು ಆಫೀಸಿನಾಚೆಯ ಏರಿಗೆ ಗಾಡಿ ಹತ್ತಿಸಿದರು. ಹಿಂದೆ ಪುಟ್ಟಸ್ವಾಮಿ ಇದ್ದ.

‘ಇಲ್ಲೇ ನಿಲ್ಸಿ. ಈಗ ಕಾಲು ತೆಗೀರಿ.’

ನಾನು ಕಾಲು ತೆಗೆಯುವ ಮೊದಲೇ ಹಿಂದಿನಿಂದ ದೊಪ್ಪೆಂದು ಹಾರಿದ ಸದ್ದಾಯಿತು. ‘ಕೊಟ್ಬುಟ್ಟೆ ಮೇಷ್ಟ್ರೇ, ಈಗ ಬುಡಿ!’

ಬಿಟ್ಟೆ. ಜೀಪು ಕೂದಲೆಳೆಯಷ್ಟೂ ಅಲುಗಲಿಲ್ಲ. ಹೆಮ್ಮೆಯಿಂದ ಇನ್ಸ್‌ಪೆಕ್ಟರ ಮುಖ ನೋಡಿದೆ. ಅವರು ಇಳಿದು ಹಿಂದೆ ಹೋಗಿ ನೋಡಿದರು.

‘ಏನ್ರೀ ಇದು?’

‘ಒಳ್ಳೇ ಕಲ್ಲು ಕಣ್ ಸಾರ್. ತೋಟದ್ದೇ.’

‘ಹ್ಯಾಂಡ್‌ಬ್ರೇಕ್ ಎಲ್ರೀ?’

‘ಅದನ್ಯಾವನ್ ನಂಬ್ತಾನೆ ಸಾರ್? ಕಲ್ಲೈತಲ್ಲ!’

ಇನ್ಸ್‌ಪೆಕ್ಟರು ಲಿವರ್ ಎಳೆದರು. ಅದು ಹೂವಿನಷ್ಟು ಹಗುರವಾಗಿ ಮೇಲೆ ಬಂತು. ಕೆಳಗೆ ಕೇಬಲ್ಲೇ ಇರಲಿಲ್ಲ. ಬಿಸಿಲೆಯ ನಂತರ ನನಗೂ ಅದರ ಮೇಲೆ ನಂಬಿಕೆ ಹೋಗಿತ್ತು, ಹಾಗಾಗಿ ಅಂದಕ್ಕೆಂದು ಲಿವರ್ ಒಂದನ್ನು ಪಾಲಿಶ್ ಮಾಡಿಸಿ ಇಟ್ಟಿದ್ದೆವು. ಅದರ ಕೇಬಲ್ಲಿನಿಂದ ಪುಟ್ಟಸ್ವಾಮಿ ತನ್ನ ಗ್ಯಾರೇಜಿನ ಗೇಟು ಕಟ್ಟಿದ್ದ.

‘ಕಲ್ಲು ಪಾಸು. ಗಾಡಿ ಫೇಲು. ಸರಿಮಾಡಿಸ್ಕೊಂಡು ಮುಂದಿನ ವಾರ ಬನ್ನಿ’ ಎಂದರು ಇನ್ಸ್‌ಪೆಕ್ಟರು.

ಮನೆಗೆ ಬಂದು ಲಿಲ್ಲಿಯ ಮುಂದೆ ಇದನ್ನು ತಮಾಷೆಯಾಗಿ ಹೇಳಿದೆ. ಅವಳು ನಗಲಿಲ್ಲ. ‘ನನ್ನನ್ನು ಕೂರಿಸಿಕೊಳ್ಳಬೇಕು ಅಂತ ಕಟ್ಟಿದ ಗಾಡಿಗೆ ಹ್ಯಾಂಡ್‌ಬ್ರೇಕೇ ಇರಲಿಲ್ವಾ?’ ಎಂದಳು. ಅದಕ್ಕೇ ಕಟ್ಟಿದ್ದೆಂದು ನಾನು ಅವಳಿಗೆ ಹೇಳಿರಲೇ ಇಲ್ಲ. ಗೊತ್ತಿದ್ದೂ ಸುಮ್ಮನಿದ್ದಳೆಂದು ಅವತ್ತು ಗೊತ್ತಾಯಿತು. ನಾಚಿಕೆಯಾಯಿತು. ಅವಳನ್ನು ಕೈಬಿಟ್ಟ ಭಾಗ ಯಾವುದೋ ಅದೊಂದನ್ನೇ ಬಿಟ್ಟು ಉಳಿದದ್ದೆಲ್ಲ ಸರಿಮಾಡಿದ್ದೆ.

ಪುಟ್ಟಸ್ವಾಮಿ ಮುಖ ಊದಿಸಿಕೊಂಡೇ ಗೇಟಿನ ಕೇಬಲ್ ಬಿಚ್ಚಿ ತಂದ. ಮನೆಯ ಮುಂದಿನ ಏರಿನಲ್ಲಿ ಕಲ್ಲಿಲ್ಲದೆ ನಿಲ್ಲಿಸಿ, ಒಳಗೆ ಹೋಗಿ ಕಾಫಿ ಕುಡಿದು ಬಂದೆವು. ಜೀಪು ಇದ್ದಲ್ಲೇ ಇತ್ತು. ಮುಂದಿನ ವಾರ ಪಾಸಾಯಿತು. ಸರ್ಕಾರ ಒಪ್ಪಿದ ಗಾಡಿಗೆ ಇನ್ನು ಕಲ್ಲೇಕೆ ಎಂದು ಅದನ್ನು ತೋಟದ ಸಿಲ್ವರ್ ಓಕ್ ಮರದ ಬುಡಕ್ಕೆ ಎಸೆದೆ.

ಭಾನುವಾರ ಲಿಲ್ಲಿ ಒಳ್ಳೆಯ ಸೀರೆ ಉಟ್ಟು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಪಕ್ಕದಲ್ಲಿ ಕೂತಳು. ದಾರಿಯುದ್ದಕ್ಕೂ ಒಂದೊಂದು ಗುಂಡಿಯನ್ನೂ ತಪ್ಪಿಸುತ್ತ ನಿಧಾನವಾಗಿ ಓಡಿಸಿದೆ. ಚರ್ಚಿನ ಮುಂದಿನ ಏರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು ಕಾಲು ತೆಗೆದೆ. ಜೀಪು ನಿಂತಿತು. ಫಲಿತಾಂಶಕ್ಕೆ ಕಾದ ಹುಡುಗನಂತೆ ಅವಳ ಕಡೆ ನೋಡಿದೆ.

ಲಿಲ್ಲಿ ಚೀಲಕ್ಕೆ ಕೈಹಾಕಿ ಪ್ರಾರ್ಥನೆ ಪುಸ್ತಕದ ಕೆಳಗಿನಿಂದ, ಹಳೇ ಪೇಪರಿನಲ್ಲಿ ಸುತ್ತಿದ್ದ ಏನನ್ನೋ ತೆಗೆದಳು. ನಾನು ಎಸೆದಿದ್ದ ಕಲ್ಲು!

‘ನೀವು ಬ್ರೇಕ್ ಹಿಡ್ಕೊಂಡು ಕೂತಿರಿ’ ಎಂದಳು. ‘ಈ ಸಲ ಇಳಿಯೋದು ನಾನು.’

ಕೂತಿದ್ದೆ, ಕಾಲನ್ನು ಮತ್ತೆ ಪೆಡಲಿನ ಮೇಲಿಟ್ಟು. ಹಿಂದೆ ಕಲ್ಲು ಟೈರಿಗೆ ಆತುಕೊಂಡ ಸದ್ದು ಕೇಳಿತು. ‘ಹ್ಞಾಂ, ಈಗ ಇಳೀರಿ.’ ಇಳಿದೆ. ಚರ್ಚಿನ ಬಾಗಿಲಲ್ಲಿ ಫಾದರ್ ನಗುತ್ತ ನಿಂತಿದ್ದರು.

ಪೂಜೆ ಮುಗಿದ ಮೇಲೆ ಅವಳೇ ಕಲ್ಲು ತೆಗೆದಳು. ಆದರೆ ಚೀಲಕ್ಕೆ ಹಾಕಿಕೊಳ್ಳಲಿಲ್ಲ. ಪೇಪರಿನಿಂದ ಮಣ್ಣು ಒರೆಸಿ ತನ್ನ ಸೀಟಿನ ಕೆಳಗಿಟ್ಟಳು. ಅದು ಈಗಲೂ ಅಲ್ಲೇ ಇದೆ.