ಐದು ಊರುಗಳ ತೊಳೆಯದ ಮೂಲೆ

2023ರ ಅಕ್ಟೋಬರ್ ಮೊದಲ ಸೋಮವಾರ ನಾನು ಬೆಲ್ಜಿಯಂನ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ವಿದ್ಯಾರ್ಥಿನಿಯಾಗಿ ಸೇರಿದೆ. ಸಂಶೋಧನೆಯ ವಿಷಯ ಶಹಾಬಾದ್ ಕಲ್ಲು. ಸೇಡಂನ ನಮ್ಮ ಮನೆಯ ನೆಲ, ಮೆಟ್ಟಿಲು, ಅಡುಗೆ ಕಟ್ಟೆ, ಬಚ್ಚಲು ಎಲ್ಲವೂ ಆ ಕಲ್ಲಿನವೇ. ನಮ್ಮ ಕಡೆ ಅದನ್ನು ಫರ್ಸಿ ಎನ್ನುತ್ತಾರೆ. ಕೆಲವು ಮನೆಗಳಲ್ಲಿ ಫರ್ಸಿಯ ಮೇಲೆ ಬಿಳಿ ಹುಡಿ ಏಳುತ್ತದೆ, ವರ್ಷಗಳು ಕಳೆದಂತೆ ಕಲ್ಲು ಹಪ್ಪಳದ ಹಾಗೆ ಪದರು ಬಿಡುತ್ತದೆ. ಇದಕ್ಕೆ ಸವಳು ಹಿಡಿಯುವುದು ಎಂದು ಹೆಸರು. ಆ ಸವಳು, ಅಂದರೆ ಉಪ್ಪು, ಎಲ್ಲಿಂದ ಬರುತ್ತದೆ ಎಂಬುದು ನನ್ನ ಪ್ರಶ್ನೆ.

ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಎರಡು ವರ್ಷ ಕಲಬುರಗಿಯ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದ್ದೆ. ಪರದೇಶ ಅದೇ ಮೊದಲು. ಮೊದಲ ವಾರ ಹಾಸ್ಟೆಲಿನ ಅಡುಗೆಮನೆ ಸ್ವಚ್ಛ ಮಾಡುವ ಸರದಿ ನನ್ನದಾಗಿತ್ತು. ಬಕೆಟ್ ತುಂಬಿ ನೆಲಕ್ಕೆ ನೀರು ಹೊಯ್ದೆ. ನೀರು ಹೊರಹೋಗಲು ಅಲ್ಲಿ ಕಂಡಿಯೇ ಇರಲಿಲ್ಲ. ಅದು ಮೊದಲು ಪಡಸಾಲೆಗೂ ಆಮೇಲೆ ಎದುರು ಕೋಣೆಯವನ ಬಾಗಿಲಿಗೂ ಹೋಯಿತು. ಅವನು ಬರಿಗಾಲಲ್ಲಿ ಹೊರಗೆ ಬಂದು, ಎಲ್ಲಿಯ ನಲ್ಲಿ ಒಡೆದಿದೆ ಎಂದು ಕೇಳಿದ.

ಅಲ್ಲಿ ಹೊಸಬರು ವಿಳಾಸ ನೋಂದಾಯಿಸಿದ ಮೇಲೆ ಪೊಲೀಸರು ಬಂದು, ಇವರು ನಿಜವಾಗಿ ಇಲ್ಲೇ ಇದ್ದಾರೆಯೇ ಎಂದು ನೋಡಿ ಹೋಗುತ್ತಾರೆ. ನನ್ನ ಕೋಣೆಗೂ ಒಬ್ಬರು ಬಂದರು, ಬಾಗಿಲಲ್ಲೇ ನಿಂತು ಹೆಸರು ಕೇಳಿ ಹೋದರು. ಆ ದಿನ ಫೋನಿನಲ್ಲಿ ಅವ್ವನಿಗೆ ಇದನ್ನು ಹೇಳಿದೆ.

"ಪೊಲೀಸ್ರು ಬರೋವಂಥಾದ್ದು ಏನ್ ಮಾಡಿದಿ ನೀ?"

"ಏನೂ ಇಲ್ಲವ್ವಾ. ಇಲ್ಲೇ ಇರ್ತೀನೋ ಇಲ್ಲೋ ನೋಡ್ಲಾಕ ಬಂದಿದ್ರು."

"ನೋಡಿ ಚಾ ಕುಡದು ಹೋದ್ರೇನು?"

"ಇಲ್ಲ."

"ಮನಿಗಿ ಬಂದೋರಿಗಿ ಚಾ ಸುದ್ದಾ ಕೇಳ್ಲಿಲ್ಲೇನು? ಪೊಲೀಸ್ರಾದ್ರ ಏನಾತು, ಅವರೇನು ಮಂದಿ ಅಲ್ಲೇನು?"

ನನ್ನ ಮಾರ್ಗದರ್ಶಕಿ ಅರವತ್ತು ಸಮೀಪಿಸಿದವರು, ಹಳೆಯ ಕಟ್ಟಡಗಳ ಕಲ್ಲನ್ನೇ ಬದುಕಿಡೀ ನೋಡಿದವರು. ತಮ್ಮನ್ನು ಹೆಸರು ಹಿಡಿದು ಕರೆಯಬೇಕೆಂದು ಮೊದಲ ದಿನವೇ ಹೇಳಿದರು. ನನ್ನಿಂದ ಅದಾಗಲಿಲ್ಲ. ಹಲವು ತಿಂಗಳು ಅವರನ್ನು ಏನೂ ಕರೆಯದೆ, ಅವರು ನನ್ನ ಕಡೆ ನೋಡುವವರೆಗೆ ಕಾದು ಮಾತು ಶುರು ಮಾಡುತ್ತಿದ್ದೆ. ಅವರು ಇನ್ನೊಂದು ಮಾತನ್ನೂ ಹೇಳಿದ್ದರು. ಮೊದಲ ವರ್ಷದ ಕೊನೆಗೆ ಸಮಿತಿಯೊಂದು ಕೆಲಸವನ್ನು ಪರಿಶೀಲಿಸುತ್ತದೆ. ಒಪ್ಪಿದರೆ ಎರಡನೇ ವರ್ಷ ಮುಂದುವರಿಯಬಹುದು, ಒಪ್ಪದಿದ್ದರೆ ಊರಿಗೆ ಮರಳಬೇಕು. ನನ್ನ ಹಿಂದಿನ ವರ್ಷ ಸೇರಿದ್ದ ಒಬ್ಬ ವಿದ್ಯಾರ್ಥಿ ಹಾಗೆಯೇ ಮರಳಿದ್ದ. ಪ್ರಯೋಗಾಲಯದಲ್ಲಿ ನನಗೆ ಕೊಟ್ಟದ್ದು ಅವನ ಮೇಜು.

ಆ ಚಳಿಗಾಲ ನಾನೊಂದು ಯೋಜನೆ ಬರೆದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದು ಊರುಗಳಲ್ಲಿ ಒಂದೊಂದು ಮನೆ. ಪ್ರತಿ ಮನೆಯಲ್ಲೂ ನೆಲದ ಒಂದು ಮೂಲೆಗೆ ಜನವರಿಯಿಂದ ಮೇ ಕೊನೆಯವರೆಗೆ ನೀರು ತಾಗಿಸಬಾರದು. ಹದಿನೈದು ದಿನಕ್ಕೊಮ್ಮೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು ಕಳಿಸಬೇಕು. ಜೂನ್ ಮೊದಲ ವಾರ ಎದ್ದ ಹುಡಿಯನ್ನು ಕುಂಚದಿಂದ ಬಳಿದು ಬಾಟಲಿಗೆ ತುಂಬಬೇಕು. ಸವಳು ನೆಲದ ಕೆಳಗಿನಿಂದ ಏರುತ್ತದೆ ಎಂಬುದು ನನ್ನ ಊಹೆ. ಮೇಲಿನಿಂದ ಏನೂ ಬೀಳದ ಮೂಲೆ ಅದನ್ನು ತೋರಿಸುತ್ತದೆ ಎಂದುಕೊಂಡಿದ್ದೆ.

ಸೇಡಂನಲ್ಲಿ ನಮ್ಮ ಮನೆ, ವಾಡಿಯಲ್ಲಿ ಅಕ್ಕನ ಮನೆ, ಚಿಂಚೋಳಿಗೆ ಹೊಂದಿಕೊಂಡ ಚಂದಾಪುರದಲ್ಲಿ ಸೋದರತ್ತೆಯ ಮನೆ, ಚಿತ್ತಾಪುರ ಮತ್ತು ಶಹಾಬಾದಿನಲ್ಲಿ ನನ್ನ ಜತೆ ಓದಿದ ಇಬ್ಬರ ಮನೆಗಳು. ಮೂಲೆಗಳ ಉಸ್ತುವಾರಿಯನ್ನು ಅವ್ವ ತಾನಾಗಿ ವಹಿಸಿಕೊಂಡಳು. ಫೋಟೊ ತೆಗೆಯುವ ದಿನ ಬೆಳಿಗ್ಗೆ ಐದೂ ಊರುಗಳಿಗೆ ಅವಳ ಫೋನು ಹೋಗುತ್ತಿತ್ತು.

ಮನೆಯ ನೆಲವನ್ನು ತಿಂಗಳುಗಟ್ಟಲೆ ತೊಳೆಯದೆ ಬಿಡುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಫೆಬ್ರವರಿಯ ಒಂದು ದಿನ ನಾನು ವಿಡಿಯೊ ಕಾಲ್‌ನಲ್ಲಿದ್ದಾಗಲೇ ಪಕ್ಕದ ಮನೆಯಾಕೆ ಒಳಗೆ ಬಂದರು.

"ಮಗಳು ಪರದೇಶಕ್ಕ ಹೋದ್ಲಂತ ಮೂಲಿ ತೊಳಿಯೋದೇ ಬಿಟ್ಟೀರೇನು ವೈನೀ? ನೋಡಿದ ಮಂದಿ ಏನಂದಾರು?"

"ಅದು ಮೂಲಿ ಅಲ್ಲರಿ, ಪಿಎಚ್ಡಿ ಅದ," ಎಂದಳು ಅವ್ವ. "ಕಾಲ್ ಇಡಬ್ಯಾಡ್ರಿ, ಈ ಕಡಿ ಬಂದು ಕುಂದ್ರಿ."

ಚಂದಾಪುರದ ಅತ್ತೆ ಮೂಲೆಯ ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿದ್ದಳು. "ಕೋಳಿ ಮುಚ್ಚಿದಂಗ ಮುಚ್ಚೀನಿ ನಿನ್ನ ಓದ," ಎಂದು ಫೋಟೊ ಜತೆ ಧ್ವನಿ ಸಂದೇಶ ಕಳಿಸಿದಳು. ಗಾಳಿ ಆಡಬೇಕು, ಬುಟ್ಟಿ ತೆಗೆ ಎಂದೆ. "ತಗದ್ರ ಕಾಯೋರು ಯಾರು? ನಿಮ್ಮ ಮಾವ ಮಲಗಿದಲ್ಲಿಂದ ಏಳಂಗಿಲ್ಲ," ಎಂದಳು. ಆದರೂ ತೆಗೆದಳು.

ಹೀಗೆ ಐದು ತಿಂಗಳು ನಡೆಯಿತು. ಮಧ್ಯಾಹ್ನ ಹನ್ನೆರಡಕ್ಕೆ ಪ್ರಯೋಗಾಲಯದವರೆಲ್ಲ ಡಬ್ಬಿಯಿಂದ ಬ್ರೆಡ್ ತೆಗೆದು ಕಾಲು ಗಂಟೆಯಲ್ಲಿ ಊಟ ಮುಗಿಸುತ್ತಿದ್ದರು. ನಾನು ಬ್ರೆಡ್ಡಿಗೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಹಚ್ಚಿಕೊಂಡು ತಿನ್ನುವುದನ್ನು ಕಲಿತೆ. ಮಾರ್ಚ್ ಹೊತ್ತಿಗೆ ಹಿಂಡಿಯ ಡಬ್ಬಿ ನನ್ನ ಮೇಜಿನಿಂದ ಎಲ್ಲರ ಮೇಜಿಗೂ ಹೋಗಿಬರುತ್ತಿತ್ತು. ಶನಿವಾರ ಸಂತೆಗೆ ಸೈಕಲ್ ಮೇಲೆ ಹೋಗುತ್ತಿದ್ದೆ. ಮಳೆ ಬಂದರೆ ಅಲ್ಲಿಯವರಂತೆ ನಾನೂ ನಿಲ್ಲುತ್ತಿರಲಿಲ್ಲ. ಫೋಟೊಗಳು ಸರಿಯಾಗಿ ಬರುತ್ತಿದ್ದವು. ಏಪ್ರಿಲ್‌ನಲ್ಲಿ ಮೂರು ಮೂಲೆಗಳಲ್ಲಿ ಬಿಳಿ ಹುಡಿ ಚೆನ್ನಾಗಿ ಕಾಣುತ್ತಿತ್ತು.

ಹುಡಿ ಬಳಿಯುವ ಮುನ್ನ ಅದು ಹೇಗಿದೆಯೆಂದು ಒಮ್ಮೆ ಕಣ್ಣಾರೆ ನೋಡಬೇಕೆಂದು ಮಾರ್ಗದರ್ಶಕಿ ಹೇಳಿದರು. ಮೇ ಕೊನೆಯ ಶನಿವಾರ ವಿಡಿಯೊ ಕಾಲ್ ಎಂದು ನಿಗದಿಯಾಯಿತು. ಅವ್ವನಿಗೆ ಒಂದೇ ಮಾತು ಹೇಳಿದೆ: "ಶನಿವಾರ ನಮ್ಮ ಮೇಡಮ್ಮೋರು ಮೂಲಿ ನೋಡ್ತಾರವ್ವಾ."

ನಮಗೆ ಬೆಳಗಿನ ಹೊತ್ತು, ಸೇಡಂನಲ್ಲಿ ಮಧ್ಯಾಹ್ನ. ಅವ್ವ ಇಳಕಲ್ ಸೀರೆ ಉಟ್ಟಿದ್ದಳು. ಮೇಡಂಗೆ ನಮಸ್ಕಾರ ಮಾಡಿ ಫೋನನ್ನು ಮೂಲೆಯ ಕಡೆ ತಿರುಗಿಸಿದಳು. ಕಲ್ಲು ಕಪ್ಪಗೆ ಹೊಳೆಯುತ್ತಿತ್ತು. ಸುತ್ತ ರಂಗೋಲಿ ಇತ್ತು. ಹುಡಿ ಇರಲಿಲ್ಲ.

"ಅವ್ವಾ, ತೊಳದಿಯೇನು?"

"ತೊಳಿಲಾರದೆ ಹೆಂಗ ತೋರಿಸ್ಲಿ? ನೀ ಹೇಳ್ದಂಗ ಇಷ್ಟ ದಿನ ಬಿಟ್ಟಿದ್ದೆ. ದೊಡ್ಡೋರು ನೋಡ್ತಾರಂದಿ. ದೊಡ್ಡೋರು ನೋಡೋ ಮೂಲಿ ಹಂಗೇ ಇಡ್ತಾರೇನು? ಎಣ್ಣಿ ಬಟ್ಟಿ ತೊಗೊಂಡು ಭಾಳ ತಿಕ್ಕೀನಿ. ಹೆಂಗ ಅದ ಕೇಳು ಅವರಿಗಿ."

"ಉಳದ ಮನಿಯೋರು?"

"ಎಲ್ಲಾರಿಗೂ ನಾನೇ ಫೋನ್ ಹಚ್ಚೀನಿ. ನಿಮ್ಮ ಅತ್ತಿ ಎರಡು ಸಲ ತೊಳದಾಳಂತ."

ನಾನು ಅದನ್ನು ಇದ್ದಂತೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ಪರದೆಯ ಕಡೆ ಬಾಗಿದರು. ನೆಲ ತುಂಬ ಚೆಂದ ಕಾಣುತ್ತಿದೆ ಎಂದು ಮೊದಲು ಅವ್ವನಿಗೆ ತಿಳಿಸಲು ಹೇಳಿದರು. ತಿಳಿಸಿದೆ. ಆಮೇಲೆ, ಯಾವ ನೀರಿನಿಂದ ತೊಳೆಯುತ್ತೀರಿ ಎಂದು ಕೇಳಿದರು.

"ಬೋರಿನ ನೀರರಿ," ಎಂದಳು ಅವ್ವ. "ಕುಡಿಯೋ ನೀರು ನೆಲಕ್ಕ ಯಾರು ಹಾಕ್ತಾರ? ಬೋರಿನ ನೀರಾಗ ಬ್ಯಾಳಿ ಬೇಯಂಗಿಲ್ಲ, ಸಬಕಾರ ನೊರಿ ಬರಂಗಿಲ್ಲ. ಅದಕ್ಕ ನೆಲಕ್ಕ ಹಾಕದು."

"ವಾರಕ್ಕ ಎಷ್ಟು ಸಲ?" ಮೇಡಂ ಕೇಳಿದ್ದನ್ನು ಅವ್ವನಿಗೆ ದಾಟಿಸಿದೆ.

"ಮಂಗಳವಾರ, ಶುಕ್ರವಾರ. ಅಮಾಸಿ, ಹುಣ್ಣಿವಿ. ಹಬ್ಬ ಬಂದ್ರ ಬ್ಯಾರೆ. ಮಂದಿ ಬಂದ್ರ ಬ್ಯಾರೆ."

ಕಾಲ್ ಮುಗಿದ ಮೇಲೆ ಮೇಡಂ ನನ್ನ ಯೋಜನೆಯ ಪ್ರತಿ ತೆಗೆದು, ಇದು ಎಲ್ಲಿ ಬರೆದಿದೆ ಎಂದು ಕೇಳಿದರು. ಎಲ್ಲೂ ಬರೆದಿರಲಿಲ್ಲ. ಕೆಳಗಿನಿಂದ ಏರುವ ತೇವದ ಬಗ್ಗೆ ಹಲವು ಪುಟಗಳಿದ್ದವು. ಮೂಲೆಗೆ ನೀರು ತಾಗಿಸಬಾರದು ಎಂದಷ್ಟೇ ಇತ್ತು, ಮೇಲಿನಿಂದ ವಾರಕ್ಕೆರಡು ಸಲ ಬೀಳುವ ನೀರು ಎಂಥದು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂಬುದು ನಾನು ಶಾಲೆಗೆ ಸೇರುವ ಮೊದಲಿನಿಂದ ತಿಳಿದ ವಿಷಯ. ಆ ನೀರಿನ ಉಪ್ಪೇ ಕಲ್ಲಿಗೆ ಇಳಿಯುತ್ತಿರಬಹುದು, ನೆಲ ತೊಳೆಯುವುದೂ ಬರೆದಿಡಬೇಕಾದ ಸಂಗತಿ ಎಂದು ನಾನು ಎಣಿಸಿರಲೇ ಇಲ್ಲ.

ಬಾಟಲಿಗೆ ತುಂಬಬೇಕಾದ ಹುಡಿ ಐದೂ ಮನೆಗಳಲ್ಲಿ ಬಚ್ಚಲ ಪಾಲಾಗಿತ್ತು. ಸಮಿತಿಯ ಸಭೆ ಸೆಪ್ಟೆಂಬರ್‌ನಲ್ಲಿತ್ತು. ಜೂನ್‌ನಲ್ಲಿ ಯೋಜನೆಯನ್ನು ಮತ್ತೆ ಬರೆದೆ. ತೊಳೆದ ಮೂಲೆಗಳನ್ನು ಇನ್ನು ಮುಂದೆ ಎಂದಿನಂತೆ ತೊಳೆಯುತ್ತಲೇ ಇರಲಿ, ಎದುರಿನ ಮೂಲೆಯನ್ನು ನೀರು ತಾಗಿಸದೆ ಬಿಡಲಿ ಎಂದು ಎಲ್ಲರಿಗೂ ತಿಳಿಸಿದೆ. ನನಗೆ ಎಂ.ಎಸ್ಸಿ.ಯಲ್ಲಿ ಪಾಠ ಮಾಡಿದ್ದ ಮೇಷ್ಟ್ರು ಐದೂ ಮನೆಗಳ ಬೋರ್ ನೀರನ್ನು ಕಲಬುರಗಿಗೆ ತರಿಸಿ ಪರೀಕ್ಷೆ ಮಾಡಿಸಿಕೊಟ್ಟರು. ಎಲ್ಲದರಲ್ಲೂ ಲವಣ ಹೆಚ್ಚಿತ್ತು. ಚಂದಾಪುರದ್ದರಲ್ಲಿ ಎಲ್ಲಕ್ಕಿಂತ ಹೆಚ್ಚು.

ಸೇಡಂನ ಮೂಲೆಯನ್ನು ಮಾತ್ರ ಕೈಬಿಡಬೇಕಾಯಿತು. ಎಣ್ಣೆ ಕುಡಿದ ಕಲ್ಲು ನೀರನ್ನು ಬೇರೆ ರೀತಿ ಹೀರುತ್ತದೆ. ಇದನ್ನು ಅವ್ವನಿಗೆ ಹೇಳಿದೆ.

"ಅಂದ್ರ ನಮ್ಮ ಮೂಲಿ ಫೇಲ್ ಆತು."

"ಹೌದವ್ವಾ."

"ನಿಮ್ಮ ಅತ್ತಿದು?"

"ಅದು ಪಾಸು."

"ಪಾಸ್ ಆಗ್ದೇ ಏನು. ಆಕಿ ಮೊದಲಿಂದ ಜೀನ. ತಲಿಗೇ ಎಣ್ಣಿ ಹಚ್ಚಂಗಿಲ್ಲ, ಕಲ್ಲಿಗಿ ಹಚ್ಚತಾಳೇನು?"

ಮರುದಿನ ಅತ್ತೆಯ ಫೋನು ಬಂತು. ಅವ್ವನ ಮಾತು ಚಂದಾಪುರ ತಲುಪಿಯಾಗಿತ್ತು. "ನಾ ಜೀನ ಅಂತ, ಆದ್ರ ಪಾಸು ಅಂತ. ಎರಡೂ ಕೇಳ್ದೆ," ಎಂದಳು. ಅವಳ ದನಿಯಲ್ಲಿ ಸಂತೋಷವಿತ್ತು.

ಸೆಪ್ಟೆಂಬರ್ ಎರಡನೇ ವಾರ ಸಮಿತಿ ಸೇರಿತು. ಮೂವರಿದ್ದರು. ಐದು ತಿಂಗಳ ಯೋಜನೆ ಒಂದು ಬೆಳಿಗ್ಗೆ ಹೇಗೆ ಹೋಯಿತು ಎಂದು ಒಬ್ಬರು ಕೇಳಿದರು. ಯಾರು, ಎಲ್ಲಿ, ಯಾವಾಗ, ಯಾಕೆ ಎಂಬ ಕ್ರಮದಲ್ಲಿ ಹೇಳಿದೆ. ದೊಡ್ಡವರು ನೋಡುವ ನೆಲವನ್ನು ತೊಳೆಯದೆ ಇಡುವುದಿಲ್ಲ ಎಂಬುದನ್ನೂ ಹೇಳಿದೆ. ಅವರಲ್ಲಿ ಹಿರಿಯರು, ತಮ್ಮ ಅಜ್ಜಿ ವೈದ್ಯರು ಬರುವ ಮುನ್ನ ಜ್ವರದಲ್ಲೇ ಎದ್ದು ಹೊಸ್ತಿಲು ಉಜ್ಜುತ್ತಿದ್ದರೆಂದು ಹೇಳಿ, ನೀರಿನ ಪರೀಕ್ಷೆಯ ಪುಟ ತೆರೆದರು. ಉಳಿದ ಪ್ರಶ್ನೆಗಳೆಲ್ಲ ನೀರಿನ ಬಗ್ಗೆ ಇದ್ದವು. ಒಣ ಮೂಲೆಗಳ ಮಾಹಿತಿ ಮೂರೇ ತಿಂಗಳದ್ದು, ಇಷ್ಟರಿಂದ ಏನನ್ನೂ ಹೇಳಲಾಗದು ಎಂದು ಮೂರನೆಯವರು ಅಂದರು. ಅದು ನಿಜವಾಗಿತ್ತು, ಒಪ್ಪಿಕೊಂಡೆ. ನನ್ನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಂಡರು.

ನಿರ್ಧಾರ ಅದೇ ಸಂಜೆ ಬಂತು. ಎರಡನೇ ವರ್ಷಕ್ಕೆ ಒಪ್ಪಿಗೆ ಇತ್ತು. ಷರತ್ತು ಎರಡು: ಸೇಡಂನಲ್ಲಿ ಹೊಸ ಜೋಡಿ ಮೂಲೆ ಗುರುತಿಸಬೇಕು, ಐದೂ ಮನೆಗಳಿಗೆ ನಾನೇ ಹೋಗಿ ನೋಡಬೇಕು. ಅವ್ವನಿಗೆ ಫೋನ್ ಮಾಡಿದೆ. "ಹಂಗಾದ್ರ ಒಂದು ಮೂಲಿ ತೊಳೀಬೇಕು, ಒಂದು ಬಿಡಬೇಕು. ಅಷ್ಟೇ ಹೌದಲ್ಲ?" ಎಂದಳು. ಹೌದು ಎಂದೆ. "ಮೇಡಮ್ಮೋರು ಮತ್ತ ನೋಡ್ತೀನಂದ್ರ ಮೊದಲ ನನಗ ಹೇಳು. ಬಿಟ್ಟ ಮೂಲಿಗಿ ಚಾಪಿ ಹಾಸಿ ಇಡ್ತೀನಿ."

2025ರ ಜನವರಿಯಲ್ಲಿ ಊರಿಗೆ ಹೋದೆ. ವಾಡಿಯಲ್ಲಿ ರೈಲು ಇಳಿದು ಅಕ್ಕನ ಮನೆಯಿಂದ ಶುರು ಮಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ನೋಡಿಕೊಂಡು ಬಸ್ಸಿನಲ್ಲಿ ಚಂದಾಪುರ ತಲುಪಿದೆ. ಪ್ರತಿ ಮನೆಯಲ್ಲೂ ಮೊದಲು ಊಟ, ಆಮೇಲೆ ಮೂಲೆ. ಹುಡಿಯನ್ನು ನಾನೇ ಕುಂಚದಿಂದ ಬಳಿದು ಬಾಟಲಿಗಳಿಗೆ ತುಂಬಿದೆ.

ಈಗ ಐದು ಊರುಗಳಲ್ಲಿ ಹತ್ತು ಮೂಲೆಗಳಿವೆ. ಕಳೆದ ತಿಂಗಳು ಬಂದ ಫೋಟೊಗಳಲ್ಲಿ ಚಿತ್ತಾಪುರ ಮತ್ತು ಚಂದಾಪುರದ ತೊಳೆಯುವ ಮೂಲೆಗಳಲ್ಲಿ ಕಲ್ಲು ಪದರು ಬಿಟ್ಟಿದೆ. ಅವೇ ಮನೆಗಳ ತೊಳೆಯದ ಮೂಲೆಗಳಲ್ಲಿ ಬಿಟ್ಟಿಲ್ಲ.