ಅಶ್ಫಾಕ್ ಸಾಬರ ಬಿಸಿಲುಹಾಳೆ

ಅಚ್ಚಿನ ಜಾಲರಿಯ ಮೇಲೆ ಶಾಯಿ ಸವರಲು ರಬ್ಬರುಪಟ್ಟಿ ಎಳೆಯುವ ಪರಪರ ಸದ್ದು ಕೇಳಿದರೆ, ನಮ್ಮ ಪಕ್ಕದ ಮನೆಯ ಅಶ್ಫಾಕ್ ಸಾಬರು ಬಿಸಿಲಿನಿಂದ ಕರೆಂಟು ಕೊಡುವ ಹಾಳೆ ಅಚ್ಚುಹಾಕುತ್ತಿದ್ದಾರೆಂದು ಅರ್ಥ. ಅವರು ಅಚ್ಚುಹಾಕುತ್ತಿದ್ದ ಮಳವಳ್ಳಿಯ ಮದುವೆ ಪತ್ರಿಕೆಗಳು ಮೊಬೈಲಿಗೆ ಹೋದಮೇಲೆ ಅವರಿಗೆ ಉಳಿದದ್ದು ಕಾಲೇಜಿನವರು ಕೊಟ್ಟ ಈ ಕೆಲಸವೊಂದೇ. “ಅಂಗೈಯಗಲ ಮಾಡುದ್ರೆ ಬಲ್ಬು ಉರೀತದೆ, ಚಾಪೆಯಗಲ ಮಾಡುದ್ರೆ ಸತ್ತೋಯ್ತದೆ ಕಣಮ್ಮ,” ಎಂದು ದಿನವೂ ಕರೆಂಟು ಹುಟ್ಟಿಸುವ ಆ ಶಾಯಿಯನ್ನು ಬೈಯುತ್ತಾರೆ. ದೊಡ್ಡ ಹಾಳೆ ಒಣಗಿತೇ ಎಂದು ನಡುವೆ ಹೆಬ್ಬೆರಳು ಒತ್ತಿ ನೋಡುವುದು ಅವರ ಹಳೆಯ ಅಭ್ಯಾಸ. ಪತ್ರಿಕೆ ತಾಳುತ್ತಿತ್ತು, ಕೂದಲಿಗಿಂತ ತೆಳುವಾದ ಈ ಪದರ ತಾಳದು. ಇಂದಿನದೂ ಕೆಟ್ಟರೆ ಕಾಲೇಜಿನವರು ಕೆಲಸ ನಿಲ್ಲಿಸುತ್ತಾರೆ. ಅವರು ಹಾಳೆಯ ಮೇಲೆ ಬಾಗಿದ್ದು ಕಂಡು “ಮುಟ್ಬ್ಯಾಡಿ ಸಾಬ್ರೇ,” ಎಂದೆ. “ನಾನೆಲ್ ಮುಟ್ಟಿವ್ನಿ?” ಎಂದರು; ಹೆಬ್ಬೆರಳು ಹಾಳೆಯ ಮೇಲೇ ಇತ್ತು. ವರ್ಷಗಟ್ಟಲೆ ಶಾಯಿ ತೊಳೆಯುವ ಥಿನ್ನರಿನಲ್ಲಿ ಅದ್ದಿದ ಆ ಬೆರಳಿಗೆ ಸ್ಪರ್ಶವೇ ತಿಳಿಯುವುದಿಲ್ಲ. ಮೆಲ್ಲನೆ ಕೈಯೆತ್ತಿ, ಮೂಡಿದ್ದ ಗುರುತನ್ನು ನೋಡಿದರು. “ನಮ್ಮನೇವ್ಳಿಗೆ ಏಳ್ಬ್ಯಾಡ ಕಣಮ್ಮ, ನಾಳೆ ಕಾಲೇಜ್ನೋರು ಬಂದ್ರೆ ನಾನೇ ಏಳ್ತೀನಿ, ತಪ್ಪು ಶಾಯೀದಲ್ಲ, ಈ ಬೆರಳಿಂದು ಅಂತ...” ಎನ್ನುತ್ತ ಬೀದಿಗಿಳಿದರು.