ಎಣಿಕೆ ಅಕ್ಕನ ಮೂವತ್ತೊಂದು

ನಮ್ಮ ಮೂರನೇ ಮಹಡಿಯ ಪ್ರಯೋಗಾಲಯದಲ್ಲಿ ಎಣಿಕೆ ಅಕ್ಕ ಎಂದರೆ ಎಲ್ಲರಿಗೂ ಗೊತ್ತು. ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೆ ಹೆಸರಿದೆ, ಆದರೆ ಅದನ್ನು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ. ನಾನು ಅಲ್ಲಿನ ಮೈಕ್ರೋಸ್ಕೋಪುಗಳ ರಿಪೇರಿಯವನು. ಮಸೂರ ಒರೆಸುವುದು, ಸಡಿಲವಾದ ತಿರುಪು ಬಿಗಿ ಮಾಡುವುದು, ಬಲ್ಬು ಬದಲಿಸುವುದು ನನ್ನ ಕೆಲಸ. ದೊಡ್ಡ ದೊಡ್ಡ ಡಿಗ್ರಿ ಪಡೆದವರೂ ಯಂತ್ರದ ಕುತ್ತಿಗೆ ಹಿಡಿದು ಎತ್ತಿ ಹಾಳು ಮಾಡುವುದನ್ನು ಇಪ್ಪತ್ತು ವರ್ಷದಿಂದ ನೋಡುತ್ತ ಬಂದಿದ್ದೇನೆ. ಆ ಮಹಡಿಯಲ್ಲಿ ನನಗೆ ಕೆಲಸ ಕೊಡದವರು ಅಕ್ಕ ಒಬ್ಬರೇ.

ಕಣ್ಣಿನ ಹಿಂಬದಿಯ ಪರದೆಯಲ್ಲಿ, ಅಂದರೆ ರೆಟಿನಾದಲ್ಲಿ, ಎಷ್ಟು ನರಕೋಶ ಬದುಕಿ ಉಳಿದಿವೆ ಎಂದು ಎಣಿಸುವುದು ಅವರ ಉದ್ಯೋಗ. ಕಣ್ಣು ಇಲಿಯದು. ಕಣ್ಣಿನ ನರ ಮಿದುಳಿನಲ್ಲಿ ಹೋಗಿ ಮುಟ್ಟುವ ಜಾಗಕ್ಕೆ ಮೊದಲು ಒಂದು ಬಣ್ಣ ಹಾಕುತ್ತಾರೆ. ಅದು ನರದ ಗುಂಟ ಹಿಂದಕ್ಕೆ ಸಾಗಿ ರೆಟಿನಾದ ಕೋಶಗಳಲ್ಲಿ ತುಂಬಿಕೊಳ್ಳುತ್ತದೆ. ಆಮೇಲೆ ನರಕ್ಕೆ ಪೆಟ್ಟು ಕೊಟ್ಟು, ಕೆಲವು ಇಲಿಗಳಿಗೆ ಔಷಧಿ, ಉಳಿದವಕ್ಕೆ ಬರೀ ಉಪ್ಪುನೀರು ಹಾಕುತ್ತಾರೆ. ಕೊನೆಗೆ ರೆಟಿನಾವನ್ನು ಬಿಡಿಸಿ ತೆಗೆದು, ನಾಲ್ಕು ಕಡೆ ಸೀಳಿ, ಮೆತ್ತನೆಯ ಕುಂಚದಿಂದ ಗಾಜಿನ ಮೇಲೆ ಹರಡಿದರೆ ನಾಲ್ಕೆಸಳಿನ ಹೂವಿನ ಹಾಗೆ ಕೂರುತ್ತದೆ. ಕಿಟಕಿಗೆ ಕಪ್ಪು ಬಟ್ಟೆ ಹೊಡೆದ ಕೋಣೆಯಲ್ಲಿ ಅದರ ಮೇಲೆ ನೇರಳಾತೀತ ಬೆಳಕು ಬಿಟ್ಟರೆ ಬಣ್ಣ ತುಂಬಿದ ಕೋಶಗಳು ಹೊಂಬಣ್ಣಕ್ಕೆ ಹೊಳೆಯುತ್ತವೆ. ಅಕ್ಕ ಎಸಳಿಗೆ ಮೂರರಂತೆ ಹನ್ನೆರಡು ಜಾಗ ನೋಡಿ, ಎಡಗೈಯಲ್ಲಿ ಟಿಕ್ ಟಿಕ್ ಎನ್ನುವ ಪುಟ್ಟ ಎಣಿಕೆಗುಂಡಿ ಒತ್ತುತ್ತ ಹೋಗುತ್ತಾರೆ. ಸ್ಲೈಡಿನ ಮೇಲೆ ಗುರುತಿನ ಸಂಖ್ಯೆ ಬಿಟ್ಟರೆ ಏನೂ ಇರುವುದಿಲ್ಲ. ಯಾವುದಕ್ಕೆ ಔಷಧಿ ಬಿದ್ದಿದೆ ಎಂಬ ಪಟ್ಟಿ ಮುಖ್ಯಸ್ಥರ ಬೀರುವಿನಲ್ಲಿ ಭದ್ರ. ಎಣಿಸುವವರಿಗೆ ಆಸೆ ಹುಟ್ಟಬಾರದು ಎಂದು ಈ ಏರ್ಪಾಡು.

ಮದುವೆಯಾದ ಹೊಸದರಲ್ಲಿ ಸಿನಿಮಾಕ್ಕೆ ಕರೆದುಕೊಂಡು ಹೋದರೆ ಕಥೆ ಬಿಟ್ಟು ಚಾವಣಿಯ ದೀಪ ಎಣಿಸಿದಳು ಎಂದು ಅವರ ಯಜಮಾನರು ಇವತ್ತಿಗೂ ಗೋಳಾಡುತ್ತಾರೆ. ಎರಡು ದೀಪ ಉರಿಯುತ್ತಿರಲಿಲ್ಲವಂತೆ.

ಹೀಗಿರುವಾಗ ನಮ್ಮ ಮಹಡಿಗೆ ಎಣಿಸುವ ಕಂಪ್ಯೂಟರ್ ಬಂತು. ಅಕ್ಕ ಒಂದು ದಿನ ಎಣಿಸುವುದನ್ನು ಅದು ಒಂದು ನಿಮಿಷದಲ್ಲಿ ಮುಗಿಸುತ್ತಿತ್ತು. ಹೊಸ ಔಷಧಿಯ ಸ್ಲೈಡುಗಳನ್ನು ಇಬ್ಬರೂ ಎಣಿಸಿದರು. ಪಟ್ಟಿ ತೆರೆದಾಗ, ಔಷಧಿ ಬಿದ್ದ ಕಣ್ಣುಗಳಲ್ಲಿ ನೂರಕ್ಕೆ ಎಪ್ಪತ್ತನಾಲ್ಕು ಕೋಶ ಉಳಿದಿವೆ ಎಂದಿತು ಕಂಪ್ಯೂಟರ್. ಮುಖ್ಯಸ್ಥರು ಸಿಳ್ಳೆ ಹಾಕುತ್ತ ಕೋಣೆಗೆ ಬಂದರು. ಕೈಯಲ್ಲಿ ಎಣಿಸಿದವರ ಸಹಿಯೊಂದು ಬಿದ್ದರೆ ವರದಿ ಹೊರಡುತ್ತಿತ್ತು. ಅಕ್ಕನ ಹಾಳೆಯಲ್ಲಿದ್ದದ್ದು ಮೂವತ್ತೊಂದು. ಉಪ್ಪುನೀರು ಹಾಕಿದ ಕಣ್ಣುಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಸಿಳ್ಳೆ ಅಲ್ಲಿಗೇ ನಿಂತಿತು.

"ನೋಡಮ್ಮ, ನಿಮಗೂ ವಯಸ್ಸಾಗ್ತಾ ಬಂತು. ಒಂದ್ಸಲ ಕಣ್ಣು ತೋರಿಸ್ಕೊಳ್ಳಿ" ಎಂದರು.

"ಹೋದ ತಿಂಗಳೇ ತೋರಿಸ್ಕೊಂಡೆ ಸರ್, ಚೀಟಿ ಇದೆ. ಆ ಕಂಪ್ಯೂಟರ್‌ದು ತೋರಿಸಿದ್ರಾ?"

ಅದರ ಮಸೂರವನ್ನು ಹಿಂದಿನ ದಿನವಷ್ಟೇ ನಾನೇ ಒರೆಸಿದ್ದೆ. ಕಣ್ಣು ಚೆನ್ನಾಗಿತ್ತು, ಬುದ್ಧಿಯದೇ ತೊಂದರೆ. ಬಾಯಿ ಬಿಡದೆ ತಿರುಪು ಬಿಗಿ ಮಾಡುತ್ತ ನಿಂತೆ.

"ಅದು ಹೆಚ್ಚಿಗೆ ಎಣಿಸಿರೋ ಇವು ನರಕೋಶ ಅಲ್ಲ ಸರ್. ಸತ್ತ ಕೋಶಗಳನ್ನ ತಿಂದು ಜಾಗ ಚೊಕ್ಕ ಮಾಡ್ತಾವಲ್ಲ, ಆ ಕೋಶಗಳು. ತಿಂದಿದ್ದರ ಜೊತೆ ಬಣ್ಣನೂ ಹೊಟ್ಟೆಗೆ ಹೋಗಿದೆ, ಅದಕ್ಕೇ ಹೊಳೀತಿವೆ. ಮಾಮೂಲಿಗೆ ತಿಂದು ಜಾಗ ಖಾಲಿ ಮಾಡ್ತವೆ. ನಿಮ್ಮ ಔಷಧಿ ಅವನ್ನ ಅಲ್ಲೇ ಕೂರಿಸಿಬಿಟ್ಟಿದೆ."

"ಇದೆಲ್ಲ ನನಗೆ ಗೊತ್ತಿಲ್ವಾ?"

"ಗೊತ್ತಿದ್ದೂ ಎಣಿಸಿದ್ರಲ್ಲ, ಅದೇ ನನಗೆ ಬೇಜಾರು."

ನರಕೋಶಕ್ಕೆ ಮಾತ್ರ ಹತ್ತುವ ಇನ್ನೊಂದು ಕೆಂಪು ಬಣ್ಣವಿದೆ, ಅದೇ ಸ್ಲೈಡುಗಳಿಗೆ ಅದನ್ನು ಹಾಕಿ ನೋಡೋಣ ಎಂದರು ಅಕ್ಕ. ಅದಕ್ಕೆಲ್ಲ ಪುರುಸೊತ್ತಿಲ್ಲ, ಶುಕ್ರವಾರದೊಳಗೆ ಸಹಿ ಬೇಕು, ತಿಂಗಳ ಕೊನೆಗೆ ನಿಮ್ಮ ಕೆಲಸದ ಒಪ್ಪಂದ ಮುಗಿಯುತ್ತದೆ ಎಂಬುದು ನೆನಪಿರಲಿ ಎಂದು ಹೇಳಿ ಮುಖ್ಯಸ್ಥರು ಹೋದರು.

ಸುಳ್ಳು ಯಾಕೆ, ನಾನೂ ಅಕ್ಕನಿಗೆ ಬುದ್ಧಿ ಹೇಳಿದೆ. "ಹಾಕಿಬಿಡಿ ಅಕ್ಕ, ನಮಗ್ಯಾಕೆ ಊರ ಉಸಾಬರಿ?" ಅಂದೆ. ಅವರು ನನ್ನನ್ನು ನೋಡಿದ ನೋಟಕ್ಕೆ ಕೈಯಲ್ಲಿದ್ದ ತಿರುಪು ಕೆಳಗೆ ಬಿತ್ತು.

ನಿಜವಾದ ಇಕ್ಕಟ್ಟು ಇದ್ದದ್ದು ಮನೆಯಲ್ಲಿ. ಅಕ್ಕನ ಅಣ್ಣ ದರ್ಜಿ. ತಂದೆ ಇಲ್ಲದ ಮನೆಯಲ್ಲಿ ತಂಗಿಯನ್ನು ಸಾಕಿ, ಓದಿಸಿ, ಮೊದಲ ದಿನ ಕೆಲಸಕ್ಕೆ ಬರುವಾಗ ಬಿಳಿ ಕೋಟು ಹೊಲಿದು ಕೊಟ್ಟವನು. ಎರಡು ವರ್ಷದಿಂದ ಅವನ ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುತ್ತಿತ್ತು. ನೇರ ನೋಡಿದ್ದು ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ. ನಮ್ಮ ಕಟ್ಟಡದ ಕೆಳಗಿನ ಕಣ್ಣಿನ ವಿಭಾಗದಲ್ಲೇ ಅವನಿಗೆ ಚಿಕಿತ್ಸೆ. ಈ ಔಷಧಿ ಮನುಷ್ಯರಿಗೆ ಬಂದರೆ ಮೊದಲ ಹೆಸರು ನಿನ್ನದೇ ಎಂದು ಮುಖ್ಯಸ್ಥರು ಅವನಿಗೆ ಮಾತು ಕೊಟ್ಟಿದ್ದರು. ತಂಗಿ ಅಡ್ಡಗಾಲು ಹಾಕಿದ್ದಾಳೆ ಎಂಬ ಸುದ್ದಿಯನ್ನೂ ಅವರೇ ಮುಟ್ಟಿಸಿದರೆಂದು ಕಾಣುತ್ತದೆ.

ಗುರುವಾರ ಮಧ್ಯಾಹ್ನ ಅವನು ಮೂರನೇ ಮಹಡಿಗೆ ಹತ್ತಿ ಬಂದ. ಒಳಗೆ ಬರುವಾಗ ಬಾಗಿಲ ಚೌಕಟ್ಟು ಭುಜಕ್ಕೆ ಬಡಿಯಿತು. ಕತ್ತಿನಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

"ಪುಟ್ಟಿ, ಒಂದು ಸಹಿ ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ನನ್ನದೇನೂ ಹೋಗಲ್ಲ ಅಣ್ಣ."

"ಮತ್ತೆ? ನಿನ್ನ ಹಟಕ್ಕೆ ನಾನು ಕುರುಡ ಆಗ್ಬೇಕಾ? ನಿನ್ನ ಸಾಕಿದ್ದಕ್ಕೆ ಇದಾ?"

ಅಕ್ಕ ಅತ್ತೇಬಿಡುತ್ತಾರೆ ಎಂದುಕೊಂಡೆ. ಅವರು ಎದ್ದು, ತಮ್ಮ ಸ್ಟೂಲನ್ನೇ ಅಣ್ಣನ ಕಡೆ ತಳ್ಳಿದರು. ಆ ಸ್ಟೂಲಿನ ಮೇಲೆ ಮುಖ್ಯಸ್ಥರೂ ಯಾವತ್ತೂ ಕೂತವರಲ್ಲ.

"ಬೈಯೋದು ಆಮೇಲೆ. ಮೊದಲು ಕೂತ್ಕೊಂಡು ನೋಡು. ನಿನಗೆ ನಡುವಿನದು ಚೆನ್ನಾಗೇ ಕಾಣುತ್ತಲ್ಲ."

ಮೊದಲು ಪೆಟ್ಟು ಬೀಳದ ಕಣ್ಣಿನ ಸ್ಲೈಡು ಇಟ್ಟರು. ಅವನು ಬಗ್ಗಿ ಬಹಳ ಹೊತ್ತು ನೋಡಿದ. ಗುಂಡಗಿವೆ, ಅಂಚು ನಯವಾಗಿದೆ, ಒತ್ತಾಗಿ ಕೂತಿವೆ ಎಂದ. ಆಮೇಲೆ ತಕರಾರಿನ ಸ್ಲೈಡು. ಅವನ ಬೆರಳನ್ನು ನೋಟ ಸರಿಹೊಂದಿಸುವ ತಿರುಪಿನ ಮೇಲಿಟ್ಟು, ಕೂದಲೆಳೆಯಷ್ಟು ತಿರುಗಿಸುವುದನ್ನು ಅಕ್ಕ ತೋರಿಸಿಕೊಟ್ಟರು.

"ಇವೂ ಹೊಳೀತಿವೆ. ಆದ್ರೆ ಸಣ್ಣವು, ಅಂಚೆಲ್ಲ ಎಳೆ ಎಳೆ ಎದ್ದಿದೆ" ಎಂದ. ನಲವತ್ತು ವರ್ಷ ಬಟ್ಟೆ ನೋಡಿದ ಕಣ್ಣು ಅದು. "ಪುಟ್ಟಿ, ಇದು ಹೊಲಿಗೆ ಅಲ್ಲ ಕಣೇ. ಹೊಲಿಗೆ ಬಿಚ್ಚಿದ ಮೇಲೆ ಉಳಿಯೋ ದಾರದ ಚೂರು."

"ಅದನ್ನೇ ಹೊಲಿಗೆ ಅಂತ ಎಣಿಸಿದ್ದಾರೆ."

"ನನ್ನ ಕಣ್ಣಲ್ಲೂ ಹಿಂಗೇ ಆಗಿದ್ಯಾ?"

ಅಕ್ಕ ಮುಚ್ಚಿಡಲಿಲ್ಲ. "ಕೋಶ ಸತ್ತ ಕಡೆ ಹಿಂಗೇ ಇರುತ್ತೆ ಅಣ್ಣ."

"ಈ ಔಷಧಿ ಹಾಕಿಸ್ಕೊಂಡ್ರೆ?"

"ಸತ್ತಿದ್ದು ಸತ್ತೇ ಇರುತ್ತೆ. ಇದನ್ನ ನಂಬ್ಕೊಂಡು ಈಗ ಹಾಕೋ ಹನಿ ನೀನು ಬಿಟ್ರೆ, ಉಳಿದಿರೋದೂ ಹೋಗುತ್ತೆ."

ಅವನು ಕಣ್ಣು ಎತ್ತಲಿಲ್ಲ. ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. "ಹಂಗಾದ್ರೆ ಸಹಿ ಹಾಕ್ಬೇಡ" ಎಂದ.

ಶುಕ್ರವಾರ ಬೆಳಿಗ್ಗೆ ಅಕ್ಕ ವರದಿಯ ಹಾಳೆಯಲ್ಲಿ ಎಪ್ಪತ್ತನಾಲ್ಕನ್ನು ಅಡ್ಡಗೆರೆಯಿಂದ ಹೊಡೆದು, ಪಕ್ಕದಲ್ಲಿ ಮೂವತ್ತೊಂದು ಎಂದು ದಪ್ಪಕ್ಷರದಲ್ಲಿ ಬರೆದು, ಅದರ ಕೆಳಗೆ ಸಹಿ ಹಾಕಿ ಮುಖ್ಯಸ್ಥರ ಮೇಜಿನ ಮೇಲಿಟ್ಟರು. "ಹರಿದು ಹಾಕಿದ್ರೂ ಪರವಾಗಿಲ್ಲ ಸರ್, ನಕಲು ಇದೆ" ಎಂದೂ ಹೇಳಿದರು. ಈ ಸಲ ನಾನು ಬಾಯಿಗೆ ಬೀಗ ಹಾಕಿಕೊಳ್ಳಲಿಲ್ಲ. ಕಂಪ್ಯೂಟರಿನ ಮಸೂರದಲ್ಲಿ ಯಾವ ದೋಷವೂ ಇಲ್ಲ, ಅದಕ್ಕೆ ಸತ್ತದ್ದು ಬದುಕಿದ್ದು ಗೊತ್ತಾಗುವುದಿಲ್ಲ ಅಷ್ಟೇ ಎಂದು ನಾನೂ ಬರೆದು ಕೊಟ್ಟೆ. ಅಕ್ಕನ ಬದಲು ಎಪ್ಪತ್ತನಾಲ್ಕಕ್ಕೆ ಸಹಿ ಹಾಕಲು ಬೇರೆ ಯಾರೂ ಒಪ್ಪಲಿಲ್ಲ. ಮುಖ್ಯಸ್ಥರು ಮುಖ ಗಂಟು ಹಾಕಿಕೊಂಡೇ ಕೆಂಪು ಬಣ್ಣ ತರಿಸಿದರು. ಬಂದದ್ದು ಮೂವತ್ಮೂರು.

"ನಿಮ್ಮದೂ ತಪ್ಪಿತ್ತು" ಎಂದರಂತೆ.

"ಎರಡು ತಪ್ಪಿದೆ ಸರ್, ಒಪ್ಕೊಳ್ತೀನಿ. ನಿಮ್ಮದು ನಲವತ್ತೊಂದು" ಎಂದರಂತೆ ಅಕ್ಕ.

ವರದಿ ಹೊರಡಲಿಲ್ಲ. ಅಕ್ಕನ ಒಪ್ಪಂದವೂ ಮುಂದುವರಿಯಲಿಲ್ಲ. ಕೇಳಿದರೆ, ಯಂತ್ರ ಬಂದಿದೆಯಲ್ಲ ಎಂದರು ಮುಖ್ಯಸ್ಥರು. ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಮಾತ್ರ ಎಣಿಕೆಗುಂಡಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಎಲ್ಲರಿಗೂ ಹೇಳಿ, ಮುಂಬಾಗಿಲಿನಿಂದಲೇ ಹೋದರು. ಈಗ ಎರಡು ಬೀದಿ ಆಚೆಯ ಇನ್ನೊಂದು ಪ್ರಯೋಗಾಲಯದಲ್ಲಿ ಎಣಿಸುತ್ತಾರೆ. ಅಲ್ಲೂ ನನಗೆ ಕೆಲಸ ಕೊಡುವುದಿಲ್ಲ.

ಮೊನ್ನೆ ಅವರ ಅಣ್ಣನ ಅಂಗಡಿಗೆ ಪ್ಯಾಂಟು ಹೊಲಿಸಲು ಹೋಗಿದ್ದೆ. ನೋಟ ಇನ್ನಷ್ಟು ಕಿರಿದಾಗಿದೆ. ಟೇಪನ್ನು ಮುಖದ ನೇರಕ್ಕೆ ಹಿಡಿದು, ಹೆಬ್ಬೆರಳಿನಿಂದ ಸವರಿ ಅಂಕಿ ಹಿಡಿಯುತ್ತಾನೆ. ಸೊಂಟ ಮೂವತ್ತೆಂಟು ಎಂದ. ಪಕ್ಕದಲ್ಲಿ ನಾಲ್ಕು ಜನ ಕೂತಿದ್ದರು, ನನಗೆ ನಾಚಿಕೆಯಾಯಿತು. "ಮೂವತ್ತಾರು ಅಂತ ಬರ್ಕೊಳ್ಳಿ ಅಣ್ಣ, ಇಳಿಸ್ತೀನಿ" ಎಂದೆ.

ಅವನು ಮೂವತ್ತೆಂಟು ಎಂದೇ ಬರೆದುಕೊಂಡ. "ನನ್ನ ಕಣ್ಣಿಗೇ ಸುಳ್ಳು ಬರೀಲಿಲ್ಲ ನನ್ನ ತಂಗಿ. ನಿಮ್ಮ ಹೊಟ್ಟೆಗೆ ನಾನು ಬರೀತೀನಾ?"